ಹಿಂದಿನ ಎಡ ಚಕ್ರ

ಕ್ರಮ ಹೀಗಿತ್ತು. 2024ರ ಜನವರಿ ಇಪ್ಪತ್ತೊಂದು, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ಕಾರಿನ ಹಿಂದಿನ ಎಡ ಚಕ್ರ ಬಿಚ್ಚಿದರು. ಸಂಜೆ ನಾಲ್ಕೂವರೆಗೆ ಮತ್ತೆ ಕೂರಿಸಿದರು. ಫೆಬ್ರವರಿ ಎರಡು, ಶುಕ್ರವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ, ಹಾನುಬಾಳಿನಿಂದ ಸಕಲೇಶಪುರಕ್ಕೆ ಹೋಗುವ ದಾರಿಯ ಒಂದು ಇಳಿಜಾರು ತಿರುವಿನಲ್ಲಿ ಅದೇ ಚಕ್ರ ತಿರುಗದೆ ಹಿಡಿದುಕೊಂಡಿತು. ಕಾರು ರಸ್ತೆ ಬಿಟ್ಟು ಪಕ್ಕದ ಮಣ್ಣಿನ ದರೆಗೆ ಗುದ್ದಿ ನಿಂತಿತು. ನಡುವಿನ ದಿನಗಳಲ್ಲಿ ಕಾರಿನ ಅಡಿಗೆ ಯಾರೂ ಕೈ ಹಾಕಿರಲಿಲ್ಲ. ಆದ್ದರಿಂದ ತಪ್ಪು ನಡೆದದ್ದು ಆ ಭಾನುವಾರ ಒಂಬತ್ತರಿಂದ ನಾಲ್ಕೂವರೆಯೊಳಗೆ. ಆ ಹೊತ್ತಿನಲ್ಲಿ ಸ್ಪ್ಯಾನರ್ ಹಿಡಿದಿದ್ದವರು ಮಾವ ಶಿವಯ್ಯ ಒಬ್ಬರೇ.

ಸೊಸೆ ರಶ್ಮಿತಾ ಇದನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕಗಳ ಕೆಳಗೆ ಗೆರೆ ಎಳೆದು, ಮಡಚಿ ಕೈಚೀಲದಲ್ಲಿಟ್ಟುಕೊಂಡಿದ್ದಳು. ಅವಳು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಸಕಲೇಶಪುರದ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಹೆತ್ತೂರು, ಹೆಗ್ಗದ್ದೆ ಕಡೆಯ ಕಾಫಿ ತೋಟಗಳಿಂದ ಚೀಲಗಳಲ್ಲಿ ಬರುವ ಮಣ್ಣನ್ನು ಜರಡಿ ಹಿಡಿದು, ಅದರ ಹುಳಿ ಎಷ್ಟು, ಸುಣ್ಣ ಎಷ್ಟು ಹಾಕಬೇಕು ಎಂದು ಬರೆದುಕೊಡುವುದು ಅವಳ ಕೆಲಸ. ಯಾರ ತೋಟ, ಎಷ್ಟು ದೊಡ್ಡವರು ಎಂಬುದು ಆ ಹಾಳೆಯಲ್ಲಿ ಇರುತ್ತಿರಲಿಲ್ಲ. ಅಂಕಿ ಬಂದ ಮೇಲೆ ಮಾತಿಗೆ ಜಾಗವಿಲ್ಲ ಎಂಬುದು ಅವಳ ಅಭ್ಯಾಸವಾಗಿ ಹೋಗಿತ್ತು.

ಶಿವಯ್ಯನವರದು ಬೇರೆ ಅಭ್ಯಾಸ. ಹಾನುಬಾಳಿನಿಂದ ಎರಡು ಕಿಲೋಮೀಟರ್ ದೂರದ ಅವರ ಮೂರೂವರೆ ಎಕರೆ ರೋಬಸ್ಟಾ ತೋಟದಲ್ಲಿ ಕೆಟ್ಟ ಯಾವ ಯಂತ್ರವೂ ಪೇಟೆಗೆ ಹೋದದ್ದಿಲ್ಲ. ಔಷಧಿ ಹೊಡೆಯುವ ಸ್ಪ್ರೇಯರ್, ನೀರಿನ ಪಂಪು, ಹೆಂಡತಿ ಭದ್ರಮ್ಮನ ಮಿಕ್ಸಿ, ಇಪ್ಪತ್ತು ವರ್ಷ ಹಳೆಯ ಆ ಸಣ್ಣ ಬಿಳಿ ಕಾರು, ಎಲ್ಲಕ್ಕೂ ಅವರೇ ವೈದ್ಯರು. ಅರವತ್ತೆರಡು ವಯಸ್ಸಿಗೂ ಕಾರಿನ ಅಡಿಗೆ ಗೋಣಿಚೀಲ ಹಾಸಿ ಮಲಗಿದರೆಂದರೆ ಊಟಕ್ಕೆ ಮೂರು ಸಲ ಕೂಗಬೇಕಾಗಿತ್ತು.

ಆ ಭಾನುವಾರವೂ ಹಾಗೆಯೇ. ಬ್ರೇಕ್ ತುಳಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂದಿನ ಎಡ ಚಕ್ರದ ಒಳಬದಿ ಒದ್ದೆಯಾಗಿತ್ತು. ಒಳಗಿನ ಎರಡು ರಬ್ಬರ್ ಕಪ್ಪುಗಳು ಸವೆದು ಆಯಿಲ್ ಸೋರುತ್ತಿದೆ ಎಂದು ಶಿವಯ್ಯ ಹೇಳಿದರು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಅಗಲದ ಆ ಕಪ್ಪುಗಳ ಹೊಸ ಜೋಡಿಯನ್ನು ಶನಿವಾರವೇ ಪೇಟೆಯಿಂದ ತಂದಿದ್ದರು. ಕಾರನ್ನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಜಾಕಿ ಕೊಟ್ಟು ನಿಲ್ಲಿಸಿದ್ದರು, ಸಮತಟ್ಟಾದ ನೆಲ ಮನೆಯ ಸುತ್ತ ಅದೊಂದೇ.

“ಎಣ್ಣೆ ವಾಸ್ನೆ ಕಾಫಿಗೆ ಹತ್ಕೊಂಡ್ರೆ ಕುಡಿಯೋರು ಸೈಲೆನ್ಸರ್ ನೆಕ್ಕಿದಂಗೆ ಐತೆ ಅಂತಾರೆ,” ಎಂದರು ಭದ್ರಮ್ಮ, ಕಾಫಿ ಹಣ್ಣನ್ನು ಹಲಗೆಯಿಂದ ಆಚೆಗೆ ಎಳೆಯುತ್ತಾ.

“ನಮ್ ಕಾಫಿ ಕುಡಿಯೋರು ಯಾವ್ ದೇಶದಲ್ಲಿ ಅವ್ರೋ ಏನೋ. ಅಲ್ಲಿಂದ ಬಂದು ಜಗಳ ಆಡ್ತಾರಾ?” ಎಂದರು ಶಿವಯ್ಯ ಕಾರಿನ ಅಡಿಯಿಂದ.

“ಅವ್ರು ಬರಲ್ಲ. ನಾನಿಲ್ಲೇ ಇದೀನಲ್ಲ.”

ಹತ್ತು ಗಂಟೆಗೆ ಶಿವಯ್ಯ ಸೊಸೆಯನ್ನು ಕರೆದರು. “ಸ್ಟೋರಿಂದ ಬ್ರೇಕ್ ಆಯಿಲ್ ತತ್ತಾವ್ವ.”

ಸ್ಟೋರ್ ಎಂದರೆ ಮನೆಯ ಬಲಕ್ಕೆ ಅಂಟಿಕೊಂಡ ತಗಡಿನ ಕೋಣೆ. ಸಂಕ್ರಾಂತಿಗೆ ಎರಡು ದಿನ ಮುಂಚೆ ಅದನ್ನು ರಶ್ಮಿತಾ ರಜೆ ಹಾಕಿ, ಒಂದು ಇಡೀ ದಿನ ಹಿಡಿದು ಚೊಕ್ಕ ಮಾಡಿದ್ದಳು. ತುಕ್ಕು ಹಿಡಿದದ್ದನ್ನು ಆಚೆ ಹಾಕಿ, ಎರಡು ಕಡೆ ಅರ್ಧರ್ಧ ಇದ್ದದ್ದನ್ನು ಒಂದೇ ಕಡೆ ಸೇರಿಸಿ, ಪ್ರತಿ ಡಬ್ಬಿಗೂ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದ ಚೀಟಿ ಅಂಟಿಸಿದ್ದಳು. ಅದಕ್ಕೆ ಮೊದಲು ಶಿವಯ್ಯನವರ ಗುರುತೇ ಬೇರೆ ಇತ್ತು. ಅವರು ಡಬ್ಬಿಗಳ ಕುತ್ತಿಗೆಗೆ ಬಾಳೆನಾರು ಕಟ್ಟುತ್ತಿದ್ದರು. ಯಾವ ಗಂಟಿಗೆ ಏನು ಎಂಬುದು ಅವರಿಗೊಬ್ಬರಿಗೇ ಗೊತ್ತು. ಎಣ್ಣೆ ಕುಡಿದು ಕಪ್ಪಾಗಿದ್ದ ಆ ನಾರುಗಳನ್ನು ರಶ್ಮಿತಾ ಕತ್ತರಿಸಿ ಒಲೆಗೆ ಹಾಕಿದ್ದಳು. “ನನ್ ಗುರ್ತೆಲ್ಲಾ ಕಿತ್ತಾಕ್ಬುಟ್ಟಿದೀಯಲ್ಲವ್ವ,” ಎಂದು ಅವರು ಎರಡು ದಿನ ಮುಖ ಊದಿಸಿಕೊಂಡಿದ್ದು, ಹಬ್ಬದ ಎಳ್ಳು ಬೆಲ್ಲ ತಿಂದ ಮೇಲೆ ಸರಿಹೋಗಿತ್ತು.

ರಶ್ಮಿತಾ ಬಿಳಿ ಡಬ್ಬಿ ತಂದಳು.

“ಕನ್ನಡ್ಕ ಒಳ್ಗೈತೆ. ಓದಿ ಹೇಳು.”

“ಬ್ರೇಕ್ ಆಯಿಲ್, ಮಾವ.”

“ಸರಿ, ಇಟ್ಟೋಗು.”

ಮಧ್ಯಾಹ್ನ ಹುರುಳಿಕಾಳಿನ ಸಾರು, ಅನ್ನ. ಶಿವಯ್ಯ ಸೋಪು ಹಾಕಿ ಕೈ ತೊಳೆದು ಬಂದು ಕುಳಿತರೂ ತಟ್ಟೆಯ ಅಂಚಿಗೆ ಮಸಿ ಹತ್ತಿತು. ಏಳು ವರ್ಷದ ಮೊಮ್ಮಗಳು ಮೇಘಾ, “ತಾತ, ನಿನ್ ಉಗುರಲ್ಲಿ ಕಾರೈತೆ,” ಎಂದಳು. ಸುನಿಲ್‌ಕುಮಾರ್ ನಗಲಿಲ್ಲ. ಶಿವಯ್ಯನವರ ಮಗ, ರಶ್ಮಿತಾಳ ಗಂಡ ಅವನು; ಆಲೂರಿನ ಒಂದು ಪೈಪು ಅಂಗಡಿಯಲ್ಲಿ ಮೇಲ್ವಿಚಾರಕ. ವಾರಕ್ಕೆ ಆರು ದಿನ ಮಗಳನ್ನು ಶಾಲೆಗೆ, ಹೆಂಡತಿಯನ್ನು ಕೆಲಸಕ್ಕೆ ಬಿಟ್ಟು ಅದೇ ಕಾರಿನಲ್ಲಿ ಮುಂದೆ ಹೋಗುವವನು.

“ಅಪ್ಪ, ಮಿಕ್ಕಿದ್ದು ಏನ್ ಬೇಕಾದ್ರೂ ಬಿಚ್ಕೋ. ಬ್ರೇಕ್ ಒಂದನ್ನ ಮೆಕ್ಯಾನಿಕ್ ಪ್ರದೀಪನತ್ರ ಬಿಟ್ಬುಡಣ.”

“ಪ್ರದೀಪ ಎಲ್ಲಿ ಕಲ್ತ? ನಾಕು ಜನದ ಕಾರ್ ಕೆಡಿಸಿ ಕಲ್ತ. ನಾನು ನನ್ದೊಂದನ್ನೇ ಕೆಡಿಸ್ಕೊಂಡು ಕಲ್ತೆ.”

“ಕೆಡಿಸ್ಕಂಡೆ ಅಂತ ನೀನೇ ಹೇಳ್ತಿದೀಯ ನೋಡು.”

“ಅನ್ನ ಉಣ್ಣೋ.”

ಸಂಜೆ ಕೊಳವೆಯೊಳಗಿನ ಗಾಳಿ ತೆಗೆಯಲು ಒಬ್ಬರು ಪೆಡಲ್ ತುಳಿಯಬೇಕಾಗಿತ್ತು. ರಶ್ಮಿತಾ ಕುಳಿತಳು. “ಒತ್ತು. ಹಿಡ್ಕೋ. ಬುಡು,” ಎಂದು ಶಿವಯ್ಯ ಚಕ್ರದ ಹತ್ತಿರದಿಂದ ಹೇಳುತ್ತಿದ್ದರು. ಇಪ್ಪತ್ತಮೂರನೆಯ ಸಲಕ್ಕೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಅವಳು ಎಣಿಸಿದ್ದಳು. ಇಳಿಯುವಾಗ ಕಣದ ಕಟ್ಟೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಕಂಡಿತು. ಅದರಲ್ಲಿ ಡೀಸೆಲ್ ಇತ್ತು, ಬೋಲ್ಟುಗಳು ಮುಳುಗಿದ್ದವು. ಶಿವಯ್ಯ ಯಂತ್ರದ ಯಾವ ಭಾಗವನ್ನು ಬಿಚ್ಚಿದರೂ ಮೊದಲು ಆ ಬೋಗುಣಿಯ ಡೀಸೆಲ್ಲಿನಲ್ಲಿ ತೊಳೆಯುವುದು ಮನೆಯವರೆಲ್ಲ ನೋಡಿದ ವಿಷಯ.

ಫೆಬ್ರವರಿ ಎರಡರ ಬೆಳಿಗ್ಗೆ ತಿರುವಿಗೆ ಸ್ವಲ್ಪ ಮೊದಲು ಸುಟ್ಟ ವಾಸನೆ ಬಂತು. “ಕಾರು ಎಳೀತಾನೇ ಇಲ್ಲ,” ಎಂದು ಸುನಿಲ್ ಗೊಣಗಿದ. ಎದುರಿಗೆ ಹಾಲಿನ ಗಾಡಿ ಕಾಣಿಸಿತು; ಬ್ರೇಕ್ ತುಳಿದ. ಹಿಂಬದಿ ಒಮ್ಮೆಲೇ ಅಡ್ಡಕ್ಕೆ ಎಳೆದುಕೊಂಡಿತು. ಹಾಲಿನ ಗಾಡಿ ಕೈಯಳತೆಯಲ್ಲಿ ದಾಟಿಹೋಯಿತು. ಕಾರು ಎಡಗಡೆಯ ದರೆಗೆ ಮೂತಿ ತುರುಕಿ ನಿಂತಿತು. ಬಲಗಡೆಗೆ ಜಾರಿದ್ದರೆ ಕೆಳಗೆ ಅರವತ್ತು ಅಡಿ ಏಲಕ್ಕಿ ಇಳಿಜಾರು. ಮೇಘಾಳ ತುಟಿ ಮುಂದಿನ ಸೀಟಿಗೆ ತಾಗಿ ಒಡೆದು, ಸಮವಸ್ತ್ರದ ಮೇಲೆ ರಕ್ತ ತೊಟ್ಟಿಕ್ಕಿತು. ಅವಳು ಅಳಲಿಲ್ಲ. “ಅಮ್ಮ, ಇವತ್ತು ಶಾಲೆ ಇಲ್ವಾ?” ಎಂದಳು. ರಶ್ಮಿತಾ ಕರವಸ್ತ್ರ ತೆಗೆದು ಅವಳ ತುಟಿಗೆ ಒತ್ತಿದಳು.

ಪ್ರದೀಪ ತನ್ನ ಶೆಡ್ಡಿನಲ್ಲಿ ಚಕ್ರ ಬಿಚ್ಚಿ, ಒಳಗಿನ ರಬ್ಬರ್ ಕಪ್ಪುಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಅವು ಮೆತ್ತಗಾಗಿ, ಅಂಚು ಅರಳಿ, ಅಣಬೆಯಂತೆ ಊದಿದ್ದವು.

“ಎಷ್ಟ್ ದಿನದ್ದಣ್ಣ ಇದು?”

“ಹದಿನೈದು ದಿನಾನೂ ಆಗಿಲ್ಲ,” ಎಂದ ಸುನಿಲ್.

“ಬ್ರೇಕ್ ರಬ್ಬರಿಗೆ ಡೀಸೆಲ್ಲೋ ಬೇರೆ ಎಣ್ಣೆನೋ ತಾಗ್ಬಾರ್ದು. ತಾಗಿದ್ರೆ ಹಿಂಗೇ ಊದ್ಕೊಂಡು, ಬ್ರೇಕ್ ಬಿಡದೇ ಹಿಡ್ಕೊಂಡ್ಬುಡ್ತದೆ. ಯಾರ್ ಮಾಡಿದ್ದು?”

ಸುನಿಲ್ ಕಪ್ಪುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಡೀಸೆಲ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನು ಬೇರೇನನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ರಶ್ಮಿತಾಳ ಕಣ್ಣ ಮುಂದೆಯೂ ಕಟ್ಟೆಯ ಮೇಲಿನ ಬೋಗುಣಿಯೇ ಬಂತು.

ಆ ಸಂಜೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮೇಘಾ ಊದಿದ ತುಟಿಯಿಂದ ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಸುನಿಲ್ ಊದಿದ ಎರಡು ಕಪ್ಪುಗಳನ್ನು ಜೇಬಿನಿಂದ ತೆಗೆದು ಅಪ್ಪನ ತಟ್ಟೆಯ ಪಕ್ಕ ಇಟ್ಟ.

“ಊಟದ್ ಜಾಗದಲ್ಲಿ ಏನೋ ಅದು?” ಎಂದರು ಭದ್ರಮ್ಮ.

“ಅಪ್ಪ ಮಾಡಿದ್ ಅಡಿಗೆ. ನೋಡ್ಲಿ.” ಅವನು ತಂದೆಯ ಕಡೆ ತಿರುಗಿದ. “ಡೀಸೆಲ್ಲಲ್ಲಿ ತೊಳ್ದೆ ಅಲ್ವಾ?”

“ತೊಳೀಲಿಲ್ಲ.”

“ಅಪ್ಪ.”

“ತೊಳೀಲಿಲ್ಲ ಕಣೋ. ಬೋಲ್ಟು, ಸ್ಪ್ರಿಂಗು ಡೀಸೆಲ್ಲಲ್ಲಿ ತೊಳ್ದೆ. ರಬ್ಬರ್ ಬ್ರೇಕ್ ಆಯಿಲಲ್ಲೇ ತೊಳ್ದೆ. ನಂಗಷ್ಟೂ ಗೊತ್ತಾಗಲ್ವಾ?”

“ಮತ್ತೆ ಇದು ಗಾಳಿ ಕುಡ್ದು ಊದ್ತಾ?”

“ನಂಗೊತ್ತಿಲ್ಲ. ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತೀನಿ.”

ಶಿವಯ್ಯ ಸೊಸೆಯ ಮುಖ ನೋಡಿದರು. ಆ ದಿನ ಅವರ ಜೊತೆ ಇದ್ದವಳು ಅವಳೊಬ್ಬಳೇ.

“ಬೋಗುಣಿ ಕಟ್ಟೆ ಮೇಲೇ ಇತ್ತು, ಮಾವ,” ಎಂದಳು ರಶ್ಮಿತಾ.

“ಬೋಗುಣಿ ನೋಡ್ದೆ ನೀನು. ಅದ್ರೊಳಗೆ ರಬ್ಬರ್ ನೋಡ್ದ್ಯಾ?”

“ಇಲ್ಲ.”

“ಮತ್ತೆ?”

“ಬೇರೆ ಕಾರಣ ಇಲ್ವಲ್ಲ ಮಾವ. ಅಭ್ಯಾಸದ ಮೇಲೆ ಒಂದ್ಸಲ ಅದ್ದಿರ್ಬೋದು. ನೆನಪಿಲ್ದೇ ಇರ್ಬೋದು.”

ಶಿವಯ್ಯ ಅರ್ಧ ರೊಟ್ಟಿ ಬಿಟ್ಟು ಎದ್ದರು. ಕೈ ತೊಳೆದ ಸದ್ದು ಹಿತ್ತಿಲಿನಿಂದ ಬಹಳ ಹೊತ್ತು ಕೇಳಿಸಿತು. ಸುನಿಲ್ ಆಗಲೇ ಸ್ಟೋರಿಗೆ ಹೋಗಿ, ತಂದೆಯ ಕಬ್ಬಿಣದ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈ ತನ್ನ ಜೇಬಿಗೆ ಹಾಕಿಕೊಂಡ. “ಹದಿನೆಂಟನೇ ತಾರೀಕು ಭಾನುವಾರ ಹಾನುಬಾಳಿನ ಗುಜರಿಯವ್ನು ಬರ್ತಾನೆ. ಪೆಟ್ಟಿಗೆ ಸಮೇತ ಹೋಗ್ಲಿ,” ಎಂದ. “ನನ್ ಮಗಳ ತುಟಿಗೆ ಬಂದಿದ್ದು ಮುಂದಿನ್ಸಲ ಪ್ರಾಣಕ್ಕೆ ಬರ್ಬಾರ್ದು.”

ಆ ಪೆಟ್ಟಿಗೆ ಶಿವಯ್ಯ ಮದುವೆಯಾದ ವರ್ಷದ್ದು.

ಮರುದಿನದಿಂದ ಶಿವಯ್ಯ ಮನೆಯ ಯಾವುದಕ್ಕೂ ಕೈ ಹಾಕಲಿಲ್ಲ. ಬಚ್ಚಲ ನಲ್ಲಿ ಸೋರತೊಡಗಿತು. “ತಾತ, ನಲ್ಲಿ ಅಳ್ತಾ ಐತೆ,” ಎಂದು ಮೇಘಾ ಬಂದು ಹೇಳಿದರೆ, “ನಿಮ್ಮಪ್ಪಂಗೆ ಹೇಳವ್ವ, ಅವ್ನತ್ರ ಬೀಗದಕೈ ಐತೆ,” ಎಂದರು. ಐದನೆಯ ತಾರೀಕು ಮಿಕ್ಸಿ ನಿಂತಿತು. ಭದ್ರಮ್ಮ ಒರಳು ಕಲ್ಲಿನ ಮುಂದೆ ಕುಳಿತರು. ಎಂಟನೆಯ ತಾರೀಕು ನೀರಿನ ಪಂಪು ನೀರೆತ್ತುವುದನ್ನು ನಿಲ್ಲಿಸಿತು. ಇದು ನಲ್ಲಿಯಂಥ ಮಾತಲ್ಲ. ರೋಬಸ್ಟಾ ಗಿಡಗಳಲ್ಲಿ ಮೊಗ್ಗು ಕಟ್ಟಿತ್ತು. ಆ ತಿಂಗಳು ಮುಗಿಯುವುದರೊಳಗೆ ಸ್ಪ್ರಿಂಕ್ಲರಿನಲ್ಲಿ ನೀರು ಕೊಡದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲ, ಹೂವು ಬಿಡದಿದ್ದರೆ ಮುಂದಿನ ವರ್ಷ ಕುಯ್ಯಲು ಏನೂ ಇರುವುದಿಲ್ಲ. ಸುನಿಲ್ ಎರಡು ಕಡೆ ಫೋನು ಮಾಡಿದ. ಎಲ್ಲ ತೋಟಗಳಲ್ಲೂ ಪಂಪು ಓಡುವ ಕಾಲ. ಪೇಟೆಯ ಯಾರೂ ಹತ್ತು ದಿನಕ್ಕೆ ಮೊದಲು ಬರುವಂತಿರಲಿಲ್ಲ.

“ಕೆರೆ ಹತ್ರ ಹೋಗಿ ಒಂದ್ಸಲ ನೋಡಿ ಮಾರಾಯ್ರೆ,” ಎಂದರು ಭದ್ರಮ್ಮ.

“ನೆನಪಿಲ್ದೋನು ನೋಡಿ ಏನ್ ಮಾಡ್ತಾನೆ?”

ಅವರ ಧ್ವನಿ ಏರಲಿಲ್ಲ. ಜಗಲಿಯ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದರು. ಉಗುರಿನ ಕಪ್ಪು ಹೋಗಿ ಬೆರಳುಗಳು ಬೇರೆ ಯಾರವೋ ಎನ್ನುವಷ್ಟು ಬೆಳ್ಳಗಾಗಿದ್ದವು.

ಶನಿವಾರ ಬೆಳಿಗ್ಗೆ ಒರಳಿನ ಮುಂದೆ ಅತ್ತೆ ಸೊಸೆ ಎದುರುಬದುರು ಕುಳಿತರು. ಭದ್ರಮ್ಮ ಗುಂಡು ತಿರುಗಿಸುತ್ತಿದ್ದರು; ರಶ್ಮಿತಾ ಕಾಯಿತುರಿ ಒಳಕ್ಕೆ ತಳ್ಳುತ್ತಿದ್ದಳು.

“ಮೂವತ್ತೈದು ವರ್ಷ ಆಯ್ತು,” ಎಂದರು ಭದ್ರಮ್ಮ. “ಸಿಟ್ಟು ಮಾಡವ್ರೆ. ತಟ್ಟೆ ಎಸ್ದವ್ರೆ, ಎರಡ್ ಸಲ. ಸುಳ್ಳು ಹೇಳಿದ್ದು ಮಾತ್ರ ನಾನ್ ಕಾಣೆ.”

“ನಾನು ಸುಳ್ಳು ಅಂದಿಲ್ಲ ಅತ್ತೆ. ಮರ್ತಿರ್ಬೋದು ಅಂದೆ.”

“ಸುಳ್ಳ ಅಂದಿದ್ರೆ ಜಗಳ ಆಡೋರು. ಮುದುಕ ಆದೆ, ತಲೆ ನಿಲ್ಲಲ್ಲ ಅಂದೆ. ಅದಕ್ಕೆ ಯಾವ ಜಗಳ ಆಡ್ತಾರೆ?”

ರಶ್ಮಿತಾಳ ಕೈ ನಿಂತಿತು.

“ಬೆರಳು ತೆಗಿ, ಗುಂಡಿಗೆ ಸಿಕ್ಕೀತು.”

“ನಂಗೆ ಮೇಘಾ ಮುಖ ಕಣ್ಣ ಮುಂದೆ ಬರ್ತದೆ ಅತ್ತೆ. ಯಾರದ್ದೂ ತಪ್ಪಿಲ್ಲ ಅಂತ ಬಿಟ್ರೆ ಮತ್ತೆ ಅದೇ ಆಗಲ್ವಾ?”

“ಬಿಡು ಅಂತ ಯಾರಂದ್ರು? ತೋಟದೋರು ಮಣ್ ತಂದ್ರೆ ಮುಖ ನೋಡಿ ಬರ್ಕೊಡ್ತೀಯಾ, ಪರೀಕ್ಷೆ ಮಾಡಿ ಬರ್ಕೊಡ್ತೀಯಾ?”

ಅವತ್ತು ಕೆಲಸ ಮುಗಿಸಿ ಬರುವಾಗ ರಶ್ಮಿತಾ ಅದೇ ಅಳತೆಯ ಎರಡು ಜೋಡಿ ಹೊಸ ರಬ್ಬರ್ ಕಪ್ಪುಗಳನ್ನೂ ಬಿರಡೆ ಬಿಚ್ಚದ ಹೊಸ ಬ್ರೇಕ್ ಆಯಿಲ್ ಡಬ್ಬಿಯನ್ನೂ ತಂದಳು. ಭಾನುವಾರ, ಹನ್ನೊಂದನೆಯ ತಾರೀಕು, ಬೆಳಿಗ್ಗೆ ಏಳೂಮುಕ್ಕಾಲಿಗೆ ಜಗಲಿಗೆ ಹೋಗಿ ಮಾವನ ಮುಂದೆ ನಿಂತಳು.

“ಮಾವ, ನಿಮ್ಮ ವರ್ನಿಯರ್ ಬೇಕಿತ್ತು.”

“ಯಾಕೆ?”

“ಒಂದು ರಬ್ಬರ್ ಹೊಸ ಬ್ರೇಕ್ ಆಯಿಲಲ್ಲಿ, ಇನ್ನೊಂದು ಡೀಸೆಲ್ಲಲ್ಲಿ ಇಡ್ತೀನಿ. ಏಳು ದಿನ. ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಅಳೀಬೇಕು.”

ಶಿವಯ್ಯ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದರು. ಆಮೇಲೆ ಎದ್ದು ಒಳಗೆ ಹೋದರು. ವರ್ನಿಯರ್, ಸಣ್ಣ ವಸ್ತುಗಳ ಅಗಲ ಅಳೆಯುವ ಆ ಉಕ್ಕಿನ ಅಳತೆಗೋಲು, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿಲ್ಲ. ತಮ್ಮ ಬಟ್ಟೆಯ ಕಪಾಟಿನಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಅದರ ದವಡೆಗಳನ್ನು ಕೂಡಿಸಿ ಬೆಳಕಿಗೆ ಹಿಡಿದು ತೋರಿಸಿದರು.

“ಇದರ ಸೊನ್ನೆ ಸರಿ ಇಲ್ಲ. ಒಂದು ಗೆರೆ ಜಾಸ್ತಿ ತೋರಿಸ್ತದೆ. ಪ್ರತಿ ಸಲ ಒಂದು ಕಳೀಬೇಕು.”

ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲ ದಿನ ಹೇಳಿಕೊಡುವ ಪಾಠವದು. ಮಾವ ಅದನ್ನು ಯಾರಿಂದ ಕಲಿತರೆಂದು ರಶ್ಮಿತಾ ಕೇಳಲಿಲ್ಲ. “ಆಗ್ಲಿ ಮಾವ,” ಎಂದಳು.

“ಇನ್ನೊಂದು.” ಅವರು ವರ್ನಿಯರನ್ನು ಅವಳ ಕೈಗೆ ಕೊಡದೆ ಹಿಡಿದುಕೊಂಡೇ ಇದ್ದರು. “ಎರಡಲ್ಲ, ಮೂರು ಇಡು. ಅವತ್ತು ನಾನ್ ತೊಳ್ದಿದ್ದು ಹೊಸ ಆಯಿಲಲ್ಲಿ ಅಲ್ಲ, ಸ್ಟೋರಲ್ಲಿ ಇದ್ದಿದ್ರಲ್ಲಿ. ಅದ್ರಲ್ಲೂ ಒಂದ್ ರಬ್ಬರ್ ಇಡು. ಇಲ್ದಿದ್ರೆ ಅದೆಂಥ ಪರೀಕ್ಷೆ?”

“ಅದ್ರಲ್ಲಿ ಏನೂ ಆಗಲ್ಲ ಮಾವ. ಅದೂ ಬ್ರೇಕ್ ಆಯಿಲ್ಲೇ.”

“ಆಗ್ದಿದ್ರೆ ನಾನು ಮರ್ತೋನು. ಗುಜರಿಯವ್ನು ಪೆಟ್ಟಿಗೆ ತಗೊಂಡೋಗ್ಲಿ. ನಾನೇ ಎತ್ತಿ ಗಾಡಿಗೆ ಇಡ್ತೀನಿ.”

ಭದ್ರಮ್ಮ ಇನ್ನು ಊಟಕ್ಕೆ ಬಳಸುವುದಿಲ್ಲವೆಂದು ಹೇಳಿ ಮೂರು ಹಳೆಯ ಸ್ಟೀಲ್ ಲೋಟ ಕೊಟ್ಟರು. ಸ್ಟೋರಿನ ಡಬ್ಬಿಯಲ್ಲಿ ಉಳಿದದ್ದನ್ನು ಚೆನ್ನಾಗಿ ಕುಲುಕಿ ಮೂರನೆಯ ಲೋಟಕ್ಕೆ ಸುರಿದರೆ ಅರ್ಧ ಲೋಟ ಆಯಿತು. ಮೂರೂ ಕಪ್ಪುಗಳ ಅಗಲ ಒಂದೇ ಇತ್ತು: ಒಂದು ಗೆರೆ ಕಳೆದು ಹದಿನೇಳೂವರೆ ಮಿಲಿಮೀಟರ್. ಎಂಟು ಗಂಟೆಗೆ ಸರಿಯಾಗಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ, ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ, ಅಡಿಗೆಮನೆಯ ಅಟ್ಟದ ಮೇಲೆ ಇಟ್ಟಳು. ಹದಿನೆಂಟರ ಎಂಟು ಗಂಟೆಯವರೆಗೆ ಯಾರೂ ತೆಗೆದು ನೋಡಬಾರದು ಎಂದಳು. ತಾನೂ ನೋಡಲಿಲ್ಲ.

ಆ ವಾರ ಮನೆಯಲ್ಲಿ ತಟ್ಟೆ ಇಡುವ ಸದ್ದೂ ಜೋರಾಗಿ ಕೇಳಿಸುತ್ತಿತ್ತು. ಸುನಿಲ್ ಬೆಳಿಗ್ಗೆ ಮಗಳನ್ನೂ ಹೆಂಡತಿಯನ್ನೂ ಬಸ್ಸಿಗೆ ಹತ್ತಿಸಿ, ತಾನು ಬೇರೆ ಬಸ್ಸು ಹಿಡಿಯುತ್ತಿದ್ದ. ಕಾರು ಪ್ರದೀಪನ ಶೆಡ್ಡಿನಿಂದ ರಿಪೇರಿಯಾಗಿ ಬಂದಿದ್ದರೂ ಕಣದ ಅಂಚಿನಲ್ಲಿ ನಿಂತೇ ಇತ್ತು; ಕೊಳ್ಳುವವರನ್ನು ಹುಡುಕುತ್ತಿದ್ದೇನೆ ಎಂದಿದ್ದ.

“ಅಟ್ಟದ್ ಮೇಲಿನ್ ದೇವ್ರಿಗೆ ಮಂಗಳಾರತಿ ಆಯ್ತಾ?” ಎಂದು ಬುಧವಾರ ಮುದ್ದೆ ಮುರಿಯುತ್ತಾ ಕೇಳಿದ.

“ಆಡ್ಕೋಬೇಡ,” ಎಂದಳು ರಶ್ಮಿತಾ.

“ಡೀಸೆಲ್ಲಲ್ಲಿ ಊದ್ತದೆ ಅಂತ ಪ್ರದೀಪ ಹೇಳಿಯಾಯ್ತು. ಅದನ್ನ ನೋಡಕ್ಕೆ ಏಳು ದಿನ. ನಿಂಗೆ ಅಪ್ಪನ್ನ ಬೈಯ್ಯೋ ಧೈರ್ಯ ಇಲ್ಲ, ಬಿಡೋ ಮನಸ್ಸೂ ಇಲ್ಲ.”

“ನಿಂಗೆ ಎರಡೂ ಐತಲ್ಲ. ಪಂಪು ಸರಿ ಮಾಡು.”

ಸುನಿಲ್ ಮುದ್ದೆಯನ್ನು ಸಾರಿಗೆ ಅದ್ದಿದವನು ಹಾಗೇ ಹಿಡಿದುಕೊಂಡು ಕುಳಿತ. ಹಿಂದಿನ ಸಂಜೆ ಅವನೊಬ್ಬನೇ ಕೆರೆಗೆ ಹೋಗಿ ಎರಡು ಗಂಟೆ ಪಂಪಿನ ಜೊತೆ ಗುದ್ದಾಡಿ, ಅಂಗೈ ತರಚಿಕೊಂಡು ಬಂದಿದ್ದ. ಜಗಲಿಯಲ್ಲಿದ್ದ ಶಿವಯ್ಯ ಮಗನ ಅಂಗೈ ನೋಡಿದ್ದರು, ಏನೂ ಅಂದಿರಲಿಲ್ಲ. ಸುನಿಲ್ ಕೂಡ ಕೇಳಿರಲಿಲ್ಲ. ಬಾಗಿಲ ಎಡಕ್ಕೊಬ್ಬರು ಬಲಕ್ಕೊಬ್ಬರು ಹಾಗೇ ನಿಂತಿದ್ದಾಗ ಭದ್ರಮ್ಮ ಅರಿಸಿನ ತಂದು ಹಚ್ಚಿದ್ದರು.

ಹದಿನೆಂಟರ ಭಾನುವಾರ ಏಳೂವರೆಗೇ ಶಿವಯ್ಯ ಸ್ನಾನ ಮಾಡಿ, ಹೊರಗೆ ಹೋಗುವ ಅಂಗಿ ತೊಟ್ಟು ಬಂದರು. ಸುನಿಲ್ ಸ್ಟೋರಿನಿಂದ ಸಾಮಾನಿನ ಪೆಟ್ಟಿಗೆಯನ್ನು ಎಳೆದು ತಂದು ಜಗಲಿಯ ಮೆಟ್ಟಿಲ ಬಳಿ ಇಟ್ಟಿದ್ದ. ಅಡಿಗೆಮನೆಯಲ್ಲಿ ಕಡುಬು ಬೇಯುತ್ತಿತ್ತು; ಯಾರೂ ಬಡಿಸಿ ಅನ್ನಲಿಲ್ಲ. ಎಂಟಕ್ಕೆ ರಶ್ಮಿತಾ ಮೂರು ಲೋಟ ಇಳಿಸಿ, ಜಗಲಿಯ ಕಟ್ಟೆಯ ಮೇಲೆ ಬಿಳಿ ಹಾಳೆ ಹಾಸಿ, ಚಿಮಟದಿಂದ ಒಂದೊಂದೇ ಕಪ್ಪು ತೆಗೆದು ಹತ್ತಿಯಲ್ಲಿ ಒರೆಸಿದಳು.

“ಒಂದು, ಹೊಸ ಬ್ರೇಕ್ ಆಯಿಲ್.” ವರ್ನಿಯರ್ ಹಿಡಿದು, ಒಂದು ಗೆರೆ ಕಳೆದಳು. “ಹದಿನೇಳೂವರೆ. ವ್ಯತ್ಯಾಸ ಇಲ್ಲ.”

“ಎರಡು, ಡೀಸೆಲ್.” ಅದು ಚಿಮಟಕ್ಕೆ ಸಿಕ್ಕಾಗಲೇ ಜಾರುತ್ತಿತ್ತು, ಅಂಚು ಅರಳಿತ್ತು. “ಇಪ್ಪತ್ತು.”

ಸುನಿಲ್ ಉಸಿರು ಬಿಟ್ಟ. “ಆಯ್ತಲ್ಲ.”

“ಇನ್ನೂ ಒಂದೈತೆ,” ಎಂದರು ಶಿವಯ್ಯ.

ರಶ್ಮಿತಾ ಮೂರನೆಯದನ್ನು ತೆಗೆದಳು. ಹತ್ತಿಯಲ್ಲಿ ಒರೆಸುವಾಗಲೇ ಬೆರಳಿಗೆ ಗೊತ್ತಾಯಿತು. ಅದು ಮೆತ್ತಗಿತ್ತು. ಅವಳು ವರ್ನಿಯರ್ ಹಿಡಿದಳು, ತೆಗೆದಳು, ದವಡೆಗಳನ್ನು ಒರೆಸಿ ಮತ್ತೆ ಹಿಡಿದಳು.

“ಎಷ್ಟು?” ಎಂದ ಸುನಿಲ್.

“ಹತ್ತೊಂಬತ್ತೂ ಕಾಲು.”

“ಲೋಟ ಬದ್ಲಾಗಿರ್ಬೇಕು.”

“ಬದ್ಲಾಗಿಲ್ಲ. ಚೀಟಿ ನಾನೇ ಅಂಟಿಸಿದ್ದು.”

ಆ ಮಾತು ಬಾಯಿಂದ ಹೊರಟ ಮೇಲೆ ಅವಳು ಸ್ಟೋರಿನ ಕಡೆ ನೋಡಿದಳು. ಒಳಗೆ ಹೋಗಿ, ತನ್ನ ಕೈಚೀಲದಿಂದ ಗಾಜಿನ ಪರೀಕ್ಷಾ ನಳಿಕೆಯೊಂದನ್ನು ತಂದು, ಮೂರನೆಯ ಲೋಟದಲ್ಲಿದ್ದುದನ್ನು ಅದಕ್ಕೆ ಬಗ್ಗಿಸಿ, ಪೆಟ್ಟಿಗೆಯ ಮೂಲೆಗೆ ಒರಗಿಸಿ ನಿಲ್ಲಿಸಿದಳು. ಐದು ನಿಮಿಷ ಕಾದರು. ನಳಿಕೆಯೊಳಗೆ ಒಂದು ಗೆರೆ ಮೂಡಿತು. ಗೆರೆಯ ಕೆಳಗೆ ತೆಳು ಹಳದಿ. ಮೇಲೆ ಬೆರಳಗಲ, ಅದಕ್ಕಿಂತ ತುಸು ಗಾಢ. ಎರಡು ಬೇ‌ರೆ ಬೇರೆ ದ್ರವಗಳು ಒಂದರೊಳಗೊಂದು ಬೆರೆಯದೆ ನಿಂತಿದ್ದವು.

ಶಿವಯ್ಯ ಬಗ್ಗಿ, ಮೇಲಿನದ್ದಕ್ಕೆ ಕಡ್ಡಿ ಅದ್ದಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಮೂಸಿದರು.

“ಇದು ಸ್ಪ್ರೇಯರ್ ಪಂಪಿಗೆ ಹಾಕೋ ಆಯಿಲ್,” ಎಂದರು. “ಅದನ್ನ ನಾನು ಬ್ರೇಕ್ ಆಯಿಲಿನ್ ಖಾಲಿ ಡಬ್ಬಿಗೆ ಹಾಕಿ, ಕುತ್ತಿಗೆಗೆ ಎರಡು ಗಂಟಿನ ಬಾಳೆನಾರು ಕಟ್ಟಿ ಇಟ್ಟಿದ್ದೆ. ಇದ್ರೊಳಗೆ ಹೆಂಗ್ ಬಂತು?”

ಅವರು ಕೇಳಿದ್ದು ಯಾರನ್ನೂ ಅಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ರಶ್ಮಿತಾ. ಸ್ಟೋರಿನ ಮೂರನೆಯ ಹಲಗೆ, ಅಕ್ಕಪಕ್ಕ ಒಂದೇ ಥರದ ಎರಡು ಬಿಳಿ ಡಬ್ಬಿ, ಎರಡರಲ್ಲೂ ಅರ್ಧರ್ಧ. ಒಂದರ ಕುತ್ತಿಗೆಗೆ ಕೊಳಕು ನಾರು. ಕತ್ತರಿ ಹಾಕಿದ್ದು, ಇದನ್ನು ಅದಕ್ಕೆ ಬಗ್ಗಿಸಿದ್ದು, ಒಂದು ಡಬ್ಬಿ ಕಡಿಮೆಯಾಯಿತೆಂದು ಸಮಾಧಾನಪಟ್ಟದ್ದು, ಎಲ್ಲವೂ ತಾರೀಕಿನ ಸಮೇತ ನೆನಪಾಯಿತು.

ಗೇಟಿನ ಹೊರಗೆ ಗುಜರಿಯವನ ಗೂಡ್ಸ್ ಆಟೋ ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಶಿವಯ್ಯ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದರು, ಕೊಟ್ಟ ಮಾತಿಗೆ ಉತ್ತರ ಬಂತೋ ಇಲ್ಲವೋ ತಿಳಿಯದವರಂತೆ.

“ಅವ್ನಿಗೆ ಏನ್ ಹೇಳ್ಲಿ?” ಎಂದು ಸುನಿಲ್ ಹೆಂಡತಿಯನ್ನು ಕೇಳಿದ. “ಹೇಳು, ಏನ್ ಬಂತು?”

ರಶ್ಮಿತಾ ಕೈಚೀಲದಿಂದ ಮಡಚಿದ ಹಾಳೆ ತೆಗೆದು, ಗೆರೆ ಎಳೆದಿದ್ದ ದಿನಾಂಕಗಳ ಮೇಲ್ಗಡೆ ಇನ್ನೊಂದು ಸಾಲು ಬರೆದಳು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ, ಕೆಲಸದ ಜಾಗದಲ್ಲಿ ಫಲಿತಾಂಶ ಓದುವ ಧ್ವನಿಯಲ್ಲೇ ಓದಿದಳು:

“ಕ್ರಮ ಶುರುವಾಗೋದು ಜನವರಿ ಇಪ್ಪತ್ತೊಂದರಿಂದ ಅಲ್ಲ, ಹದಿಮೂರರಿಂದ. ಅವತ್ತು ಸ್ಪ್ರೇಯರಿನ ಆಯಿಲನ್ನ ಬ್ರೇಕ್ ಆಯಿಲಿಗೆ ಬೆರೆಸಿ ಚೀಟಿ ಅಂಟಿಸಿದ್ದು ರಶ್ಮಿತಾ. ಮಾವ ರಬ್ಬರನ್ನ ಡೀಸೆಲ್ಲಲ್ಲಿ ತೊಳೆದಿಲ್ಲ. ಚೀಟಿ ನಂಬಿ ತೊಳೆದರು.”